ತಳ್ಳುವುದು ಎಲ್ಲಿ ಮುಗಿದು ಬೀಳಿಸುವುದು ಎಲ್ಲಿ ಶುರುವಾಗುತ್ತದೆ? ನಾಸ್ಕಾರ್ ಗುದ್ದಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾಸ್ಕಾರ್ ಅಂದರೆ ಅಮೆರಿಕದ ಸ್ಟಾಕ್ ಕಾರ್ ರೇಸ್, ಮಾಮೂಲಿ ಕಾರಿನ ಆಕಾರದ, ಮುಚ್ಚಿದ ಬಾಡಿಯ ಕಾರುಗಳ ಪೈಪೋಟಿ; ಅದನ್ನು ನಡೆಸುವ ಸಂಸ್ಥೆಯ ಹೆಸರೂ ಅದೇ. ಅಲ್ಲಿನ ಭಾನುವಾರ ಮಧ್ಯಾಹ್ನದ ರೇಸ್ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ. ಕೊನೆಯ ಲ್ಯಾಪ್‌ನಲ್ಲಿ ಒಬ್ಬ ಇನ್ನೊಬ್ಬನನ್ನು ತಿರುಗಿಸಿ ಗೆದ್ದಿದ್ದರೆ ಆ ವಾರ ಪೂರ್ತಿ ಅಭಿಮಾನಿಗಳ ನಡುವೆ ಅದೇ ವಾದ. ಒಬ್ಬರು "ಇದೇ ಸ್ಟಾಕ್ ಕಾರ್ ರೇಸ್" ಅಂದರೆ ಇನ್ನೊಬ್ಬರು "ಇದು ಗೂಂಡಾಗಿರಿ" ಅನ್ನುತ್ತಾರೆ. ಕಾರಿನ ಯಾವ ಮೂಲೆಗೆ, ತಿರುವಿನ ಯಾವ ಜಾಗದಲ್ಲಿ ಏಟು ಬಿತ್ತು ಅನ್ನುವುದನ್ನು ನೋಡದೆ ಮಾತು ಶುರುವಾಗುವುದರಿಂದಲೇ ಹೆಚ್ಚಿನ ವಾದಗಳು ದಿಕ್ಕು ತಪ್ಪುತ್ತವೆ. ಹಾಗಾಗಿ ಇಲ್ಲಿನ ಉತ್ತರಗಳು ಅಲ್ಲಿಂದಲೇ ಶುರುವಾಗುತ್ತವೆ.

ಫಾರ್ಮುಲಾ 1ರಲ್ಲಿ ಚಕ್ರ ತಾಗಿಸಿದರೆ 5 ಅಥವಾ 10 ಸೆಕೆಂಡ್ ದಂಡ. ನಾಸ್ಕಾರ್‌ನಲ್ಲಿ ಗುದ್ದಿದವನಿಗೆ ಏನೂ ಇಲ್ಲವೇಕೆ?

ಫಾರ್ಮುಲಾ ಕಾರಿನ ಚಕ್ರ ಹೊರಗಿರುತ್ತದೆ. ಚಕ್ರಕ್ಕೆ ಚಕ್ರ ತಾಗಿದರೆ ಸಸ್ಪೆನ್ಷನ್ ಮುರಿಯಬಹುದು, ಕಾರು ಗಾಳಿಗೂ ಏರಬಹುದು. ಸ್ಟಾಕ್ ಕಾರಿನ ಚಕ್ರ ಬಾಡಿಯ ಒಳಗಿದೆ, ಸುತ್ತ ಉಕ್ಕಿನ ಕೊಳವೆಗಳ ಚೌಕಟ್ಟಿದೆ, ಹಿಂದೆ ಮುಂದೆ ಬಂಪರ್ ಇದೆ. ಜೊತೆಗೆ ಟ್ರ್ಯಾಕ್‌ನ ಅಳತೆಯನ್ನೂ ನೋಡಬೇಕು. ಮಾರ್ಟಿನ್ಸ್‌ವಿಲ್ ಸುತ್ತಳತೆ 0.526 ಮೈಲಿ, ಅಂದರೆ ಸುಮಾರು 850 ಮೀಟರ್. ತಿರುವಿನ ವಾಲು ಬರೀ 12 ಡಿಗ್ರಿ. ಅಲ್ಲಿ ವೇಗದ ದಾರಿ ಒಂದೇ, ಒಳಅಂಚಿಗೆ ಅಂಟಿಕೊಂಡ ದಾರಿ. ಮುಂದಿನವನು ಅದನ್ನು ಹಿಡಿದು ಕೂತರೆ, ಹಿಂದಿನವನ ಕಾರು ವೇಗವಾಗಿದ್ದರೂ ಬಂಪರ್ ಮುಟ್ಟಿಸದೆ ಮುಂದೆ ಹೋಗುವುದು ಬಹಳ ಕಷ್ಟ.

ಹಾಗಂತ ಏನು ಬೇಕಾದರೂ ಮಾಡಬಹುದು ಅಂತಲ್ಲ. ಕಬಡ್ಡಿಯಲ್ಲಿ ಎದುರಾಳಿಯ ಕಾಲು ಹಿಡಿದು ಎಳೆಯಬಹುದು, ಕೂದಲು ಹಿಡಿಯುವ ಹಾಗಿಲ್ಲ. ಮೈ ತಾಗುವ ಆಟಕ್ಕೆ ತನ್ನದೇ ಗೆರೆಗಳಿರುತ್ತವೆ.

"ಬಂಪ್ ಅಂಡ್ ರನ್" ಅಂದರೆ ನಿಜವಾಗಿ ಏನು ಮಾಡುತ್ತಾರೆ?

ತಿರುವಿನ ಬಾಯಿಯಲ್ಲಿ ಮುಂದಿನವನು ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಹಿಂಭಾಗ ಹಗುರಾಗುತ್ತದೆ. ಹಿಂದಿನವನು ತುಸು ತಡವಾಗಿ ಬ್ರೇಕ್ ಹಿಡಿದು, ತನ್ನ ಮೂತಿಯನ್ನು ಅವನ ಹಿಂದಿನ ಬಂಪರಿನ ನಡುವಿಗೆ ಮೆಲ್ಲಗೆ ಒರಗಿಸಿ ದೂಡುತ್ತಾನೆ. ಮೊದಲೇ ಹಗುರಾಗಿದ್ದ ಹಿಂಚಕ್ರಗಳ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಮುಂದಿನವನು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿ ಕಾರನ್ನು ಸಂಭಾಳಿಸಲೇಬೇಕು. ಅಷ್ಟರಲ್ಲಿ ಅವನ ಕಾರು ಒಂದು ಕಾರಿನಗಲ ಮೇಲಕ್ಕೆ, ಅಂದರೆ ಹೊರಗೋಡೆಯತ್ತ, ಜಾರಿರುತ್ತದೆ. ತೆರೆದ ಒಳದಾರಿಯಲ್ಲಿ ಹಿಂದಿನವನು ಹೋಗುತ್ತಾನೆ. ಇಬ್ಬರ ಕಾರೂ ಓಡುತ್ತಲೇ ಇರುತ್ತದೆ, ಒಬ್ಬನಿಗೆ ಒಂದೋ ಎರಡೋ ಸ್ಥಾನ ನಷ್ಟ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಬ್ರೇಕ್ ತೀರಾ ತಡವಾದರೆ ಇಬ್ಬರ ವೇಗದ ಅಂತರ ಹೆಚ್ಚಿರುತ್ತದೆ, ಒರಗುವುದು ಹೋಗಿ ಗುದ್ದಾಗುತ್ತದೆ, ಮುಂದಿನ ಕಾರು ಗಿರಕಿ ಹೊಡೆಯುತ್ತದೆ. ಮೂತಿ ಬಂಪರಿನ ನಡುವಿಗೆ ಬೀಳದೆ ಎಡಮೂಲೆಗೆ ಬಿದ್ದರೂ ಅದೇ ಗತಿ. ಇನ್ನು ತಿರುವಿನ ನಟ್ಟನಡುವೆ ಟೈರಿನ ಹಿಡಿತವೆಲ್ಲ ಪಕ್ಕದ ಎಳೆತಕ್ಕೇ ಖರ್ಚಾಗಿರುತ್ತದೆ, ಅಲ್ಲಿ ಸಣ್ಣ ತಟ್ಟು ಸಾಕು. ತಳ್ಳಿದವನಿಗೂ ಬೆಲೆ ಇದೆ. ಬಹಳ ಒಳಗೆ ನುಗ್ಗಿದರೆ ತಾನೇ ಮೇಲಕ್ಕೆ ಜಾರಿ ಮೂರನೆಯವನಿಗೆ ದಾರಿ ಬಿಟ್ಟುಕೊಡುತ್ತಾನೆ. ಮೂತಿ ಜಜ್ಜಿ ಗಾಳಿಯ ಬಾಯಿ ಮುಚ್ಚಿದರೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ.

ಒಳ್ಳೆಯ ಉದಾಹರಣೆ 2018ರ ಅಕ್ಟೋಬರ್‌ನಲ್ಲಿ ಮಾರ್ಟಿನ್ಸ್‌ವಿಲ್‌ನಲ್ಲಿ ನಡೆದದ್ದು. ಕೊನೆಯ ತಿರುವಿನಲ್ಲಿ ಜೋಯಿ ಲೊಗಾನೊ, ಮಾರ್ಟಿನ್ ಟ್ರೂಯೆಕ್ಸ್ ಜೂನಿಯರ್ ಅವರನ್ನು ತಳ್ಳಿ ಗೆದ್ದರು. ಟ್ರೂಯೆಕ್ಸ್ ಕೋಪದಿಂದ ಕುದಿದರು, ಆದರೆ ಅವರ ಕಾರೂ ಗುರಿಗೆರೆ ದಾಟಿತು. ಆ ವರ್ಷದ ಚಾಂಪಿಯನ್‌ಶಿಪ್ ಕೂಡ ಲೊಗಾನೊ ಪಾಲಾಯಿತು. ನಮ್ಮ ಪ್ರಕಾರ ಅದು ಒರಟು, ಆದರೆ ಗೆರೆಯೊಳಗಿನ ಆಟ.

ಹಾಗಾದರೆ ಗೆರೆ ದಾಟುವುದು ಯಾವುದು?

ಬಲ ಹಿಂಮೂಲೆಗೆ ಕೊಡುವ ಏಟು. ಅಭಿಮಾನಿಗಳು ಇದನ್ನು "ರೈಟ್ ಹುಕ್" ಅನ್ನುತ್ತಾರೆ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಓವಲ್‌ನಲ್ಲಿ, ಅಂದರೆ ಮೊಟ್ಟೆಯಾಕಾರದ ಟ್ರ್ಯಾಕ್‌ನಲ್ಲಿ, ಕಾರುಗಳು ಎಡಕ್ಕೆ ತಿರುಗುತ್ತವೆ, ಹೊರಗೋಡೆ ಬಲಕ್ಕಿರುತ್ತದೆ. ನಿಮ್ಮ ಎಡ ಮುಂಮೂಲೆಯಿಂದ ಎದುರಿನ ಕಾರಿನ ಬಲ ಹಿಂಮೂಲೆಗೆ ತಾಗಿಸಿದರೆ ಅದರ ಬಾಲ ಎಡಕ್ಕೆ ಹೋಗುತ್ತದೆ, ಮೂತಿ ಬಲಕ್ಕೆ ತಿರುಗುತ್ತದೆ. ಬಲಕ್ಕಿರುವುದು ಕಾಂಕ್ರೀಟ್ ಗೋಡೆ. ಚಾಲಕನಿಗೆ ಬ್ರೇಕ್ ಒತ್ತಲೂ ಸಮಯ ಸಿಗುವುದಿಲ್ಲ. ಒಂದೂವರೆ ಮೈಲಿಯ ಟ್ರ್ಯಾಕ್‌ನ ನೇರದಾರಿಯಲ್ಲಿ ಗಂಟೆಗೆ 270 ಕಿ.ಮೀ. ಮೀರಿದ ವೇಗದಲ್ಲಿ, ಸುಮಾರು ಒಂದೂವರೆ ಟನ್ನಿನ ಕಾರು ಗೋಡೆಗೆ ಮೂತಿ ಕೊಟ್ಟು ನುಗ್ಗುತ್ತದೆ. ಎಡ ಹಿಂಮೂಲೆಗೆ ತಾಗಿದಾಗ ಹಾಗಲ್ಲ, ಮೂತಿ ಎಡಕ್ಕೆ ತಿರುಗಿ ಕಾರು ಒಳಗಿನ ಹುಲ್ಲಿನತ್ತ ಗಿರಕಿ ಹೊಡೆಯುತ್ತದೆ. ಅದೂ ಕೆಟ್ಟದ್ದೇ, ಆದರೆ ವೇಗ ಕರಗಲು ಜಾಗ ಸಿಗುತ್ತದೆ.

ಗೋಡೆಗೆ ಮೂತಿ ಕೊಡುವುದು ಎಷ್ಟು ಅಪಾಯ ಅನ್ನುವುದನ್ನು ಈ ಕ್ರೀಡೆ ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ. 2001ರ ಫೆಬ್ರವರಿ 18ರಂದು ಡೇಟೋನಾ 500ರ ಕೊನೆಯ ಲ್ಯಾಪ್‌ನಲ್ಲಿ ಡೇಲ್ ಎರ್ನ್‌ಹಾರ್ಟ್ ತೀರಿಕೊಂಡದ್ದು ಗೋಡೆಗೆ ಬಡಿದೇ. ಅದನ್ನು ಯಾರೂ ಬೇಕೆಂದು ಮಾಡಿರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ತಲೆ, ಕುತ್ತಿಗೆ ಹಿಡಿದಿಡುವ ಪಟ್ಟಿ ಕಡ್ಡಾಯವಾಯಿತು. 2002ರಲ್ಲಿ ಇಂಡಿಯಾನಾಪೊಲಿಸ್‌ನಿಂದ ಶುರುವಾಗಿ ಗೋಡೆಗಳಿಗೆ ಏಟು ಹೀರುವ ಸೇಫರ್ ತಡೆಗಳು ಬಂದವು. ಇಷ್ಟೆಲ್ಲ ಆದ ಮೇಲೂ ಕೋಪದ ಭರದಲ್ಲಿ ಒಬ್ಬನ ಬಲ ಹಿಂಮೂಲೆಗೆ ಕೈ ಹಾಕುವವನಿಗೆ "ರೇಸ್ ಅಂದರೆ ಹೀಗೇ" ಅನ್ನುವ ರಕ್ಷಣೆ ಕೊಡಬಾರದು.

ಬೇಕೆಂದೇ ಮಾಡಿದ್ದು ಅಂತ ಹೇಗೆ ತಿಳಿಯುತ್ತದೆ? "ಗೋಡೆಗೆ ತಾಗಿ ಸ್ಟಿಯರಿಂಗ್ ಹೋಯಿತು" ಅನ್ನುತ್ತಾರಲ್ಲ?

ಆ ಸಬೂಬು ಕೆಲವೊಮ್ಮೆ ನಿಜವೂ ಇರುತ್ತದೆ. 2022ರಲ್ಲಿ ಬಂದ ನೆಕ್ಸ್ಟ್ ಜೆನ್ ಕಾರಿನಲ್ಲಿ ಹಿಂಚಕ್ರದ ದಿಕ್ಕು ಹಿಡಿಯುವ ಟೋ ಲಿಂಕ್ ಅನ್ನುವ ಸರಳು ಗೋಡೆಗೆ ಬಲಬದಿ ಬಡಿದಾಗ ಬಾಗುತ್ತದೆ. ಆಗ ಕಾರು ಹೇಳಿದಂತೆ ಕೇಳುವುದಿಲ್ಲ.

ಆದರೆ ಪ್ರತಿ ಕಾರಿನ ಸ್ಟಿಯರಿಂಗ್ ಕೋನ, ಥ್ರಾಟಲ್, ಬ್ರೇಕಿನ ದತ್ತಾಂಶ ಎಸ್‌ಎಂಟಿ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಅಧಿಕಾರಿಗಳಷ್ಟೇ ಅಲ್ಲ, ಎದುರಾಳಿ ತಂಡಗಳೂ ಅದನ್ನು ನೋಡುತ್ತವೆ. ಕಾರು ನಿಜವಾಗಿ ಕೆಟ್ಟಿದ್ದರೆ ಚಾಲಕ ಅದರೊಡನೆ ಗುದ್ದಾಡುವುದು ದತ್ತಾಂಶದ ಗ್ರಾಫಿನ ಗೆರೆಯಲ್ಲಿ ಕಾಣುತ್ತದೆ. ಥ್ರಾಟಲ್ ಬಿಟ್ಟಿರುತ್ತಾನೆ, ಬ್ರೇಕ್ ತುಳಿದಿರುತ್ತಾನೆ. ಬೇಕೆಂದೇ ಮಾಡಿದವನ ಗೆರೆ ಬೇರೆ. ಗೋಡೆಗೆ ತಾಗಿದ ಬಳಿಕ ಒಂದು ಕ್ಷಣದ ಅಂತರ, ಆಮೇಲೆ ಆ ಜಾಗಕ್ಕೆ ಬೇಕಿಲ್ಲದಷ್ಟು ಎಡಕ್ಕೆ ತಿರುವು, ಕಾಲು ಆಕ್ಸಿಲರೇಟರ್ ಮೇಲೆ.

ಮನೆಯಲ್ಲಿ ಮರುಪ್ರಸಾರ ನೋಡುವವರು ಮೊದಲು ಕಾರಿನೊಳಗಿನ ಕ್ಯಾಮೆರಾದಲ್ಲಿ ಕೈ ನೋಡಿ, ಆಮೇಲೆ ಹೊರಗಿನ ದೃಶ್ಯ. ಕೈ ಮೊದಲು ತಿರುಗಿತೋ ಕಾರು ಮೊದಲು ತಿರುಗಿತೋ ಅನ್ನುವುದೇ ಪ್ರಶ್ನೆ. ಬಳಿಕ ಏಟು ಯಾವ ಮೂಲೆಗೆ, ತಿರುವಿನ ಬಾಯಿಯಲ್ಲೋ ನಡುವಲ್ಲೋ ನೇರದಾರಿಯಲ್ಲೋ ಗುರುತಿಸಿ. ಸಣ್ಣ ಟ್ರ್ಯಾಕ್‌ನ ರಾತ್ರಿ ರೇಸ್‌ಗಳಲ್ಲಿ ಬ್ರೇಕ್ ಡಿಸ್ಕ್ ಕೆಂಪಗೆ ಕಾದು ಚಕ್ರದ ಸಂದಿನಿಂದ ಕಾಣುತ್ತದೆ. ಗುದ್ದುವ ಮುನ್ನ ಹಿಂದಿನವನು ಬ್ರೇಕ್ ಹಿಡಿದಿದ್ದನೇ ಅನ್ನುವುದಕ್ಕೆ ಅದೂ ಒಂದು ಸುಳಿವು.

ಸ್ಪಾಟರ್, ಅಂದರೆ ಎತ್ತರದಲ್ಲಿ ನಿಂತು ರೇಡಿಯೋದಲ್ಲಿ ಚಾಲಕನಿಗೆ ಸುತ್ತಲಿನ ಕಾರುಗಳ ಸುಳಿವು ಕೊಡುವವನ ತಪ್ಪನ್ನೂ ಮರೆಯಬೇಡಿ. ತಲೆಯನ್ನು ಸೀಟು ಮತ್ತು ಪಟ್ಟಿ ಎರಡೂ ಹಿಡಿದಿರುವುದರಿಂದ ಚಾಲಕನಿಗೆ ಪಕ್ಕಕ್ಕೆ ತಿರುಗಿ ನೋಡಲಾಗದು. ಮೇಲಿನಿಂದ ಸ್ಪಾಟರ್ "ಕ್ಲಿಯರ್" ಅಂದರೆ ಅವನು ಆ ಕಡೆ ಸರಿಯುತ್ತಾನೆ. ಆ ಮಾತು ಅರ್ಧ ಸೆಕೆಂಡ್ ಮೊದಲೇ ಬಂದರೂ ಅಪಘಾತ, ಅದರಲ್ಲಿ ದುರುದ್ದೇಶವೇನೂ ಇರುವುದಿಲ್ಲ.

ಮುಟ್ಟದೆಯೇ ಬೀಳಿಸಬಹುದಂತೆ, ನಿಜವೇ?

ನಿಜ. ಹಿಂದಿನ ಕಾರು ಬಂಪರಿಗೆ ತೀರಾ ಹತ್ತಿರ ಬಂದಾಗ ಮುಂದಿನ ಕಾರಿನ ಸ್ಪಾಯ್ಲರ್ (ಬಾಲದ ಮೇಲೆ ಎದ್ದು ನಿಂತ ಪಟ್ಟಿ) ಮೇಲಿನ ಗಾಳಿಯ ಒತ್ತಡ ಕಡಿಮೆಯಾಗಿ ಬಾಲ ಸಡಿಲವಾಗುತ್ತದೆ. ವೇಗದ ಟ್ರ್ಯಾಕ್‌ಗಳಲ್ಲಿ ಇದು ನಿತ್ಯದ ತಂತ್ರ. ಇದನ್ನು ತಪ್ಪು ಅನ್ನುವವರು ಕಡಿಮೆ, ನಾವೂ ಅನ್ನುವುದಿಲ್ಲ.

ಎರ್ನ್‌ಹಾರ್ಟ್ ಮಾಡಿದರೆ ದಂತಕಥೆ, ಬೇರೆಯವರು ಮಾಡಿದರೆ ಖಳನಾಯಕ. ಇದು ಇಬ್ಬಗೆಯ ನ್ಯಾಯ ಅಲ್ಲವೇ?

ಸ್ವಲ್ಪ ಮಟ್ಟಿಗೆ ಹೌದು. 1999ರ ಆಗಸ್ಟ್‌ನಲ್ಲಿ ಬ್ರಿಸ್ಟಲ್‌ನ ರಾತ್ರಿ ರೇಸ್‌ನ ಕೊನೆಯ ಲ್ಯಾಪ್‌ನಲ್ಲಿ ಎರ್ನ್‌ಹಾರ್ಟ್, ಮುಂದಿದ್ದ ಟೆರಿ ಲಬಾಂಟಿ ಅವರನ್ನು ತಿರುಗಿಸಿ ಗೆದ್ದರು. ಅವನನ್ನು ಬೀಳಿಸುವ ಇರಾದೆ ಇರಲಿಲ್ಲ, ಸ್ವಲ್ಪ ಅಲುಗಾಡಿಸಬೇಕೆಂದಿದ್ದೆ ಅನ್ನುವ ಅರ್ಥದ ಮಾತನ್ನು ಆಮೇಲೆ ಹೇಳಿದರು. ಈಗ ಅದನ್ನು ಪ್ರೀತಿಯಿಂದ ನೆನೆಯುವವರು ಒಂದನ್ನು ಮರೆಯುತ್ತಾರೆ. ಆ ರಾತ್ರಿ ಬ್ರಿಸ್ಟಲ್‌ನ ಜನ ಅವರನ್ನು ಜೋರಾಗಿ ಛೀಮಾರಿ ಹಾಕಿದ್ದರು. 7 ಚಾಂಪಿಯನ್‌ಶಿಪ್ ಇದ್ದವರಿಗೂ ಆ ಗುದ್ದನ್ನು ಅಲ್ಲಿದ್ದವರು ಸುಲಭವಾಗಿ ಬಿಟ್ಟುಕೊಟ್ಟಿರಲಿಲ್ಲ.

2024ರ ರಿಚ್ಮಂಡ್‌ನಲ್ಲಿ ಆಸ್ಟಿನ್ ಡಿಲನ್ ಇಬ್ಬರನ್ನು ಬೀಳಿಸಿದರು. ಗೆಲುವನ್ನು ಯಾಕೆ ಕಸಿದುಕೊಳ್ಳಲಿಲ್ಲ?

ಈ ಪ್ರಶ್ನೆ ಇಂದಿಗೂ ತಣ್ಣಗಾಗಿಲ್ಲ, ತಣ್ಣಗಾಗಲೂ ಬಾರದು.

ಆಗಸ್ಟ್ 11, ಓವರ್‌ಟೈಮ್‌ನ (ನಿಗದಿತ ದೂರದ ಮೇಲಿನ ಹೆಚ್ಚುವರಿ ಲ್ಯಾಪ್‌ಗಳ) ಕೊನೆಯ ಲ್ಯಾಪ್. ಲೊಗಾನೊ ಮುಂದೆ, ಡಿಲನ್ ಹಿಂದೆ. ಮೂರನೇ ತಿರುವಿನ ಬಾಯಿಯಲ್ಲಿ ಡಿಲನ್ ಅವರ ಕಾರು ದೂರದಿಂದ ನುಗ್ಗಿ ಬಂದು ಬಡಿಯಿತು, ಲೊಗಾನೊ ಗಿರಕಿ ಹೊಡೆದರು. ಆ ಗೊಂದಲದಲ್ಲಿ ಡೆನಿ ಹ್ಯಾಮ್ಲಿನ್ ಒಳಬದಿಯಿಂದ ಮುಂದೆ ಸರಿಯುತ್ತಿದ್ದರು. ಡಿಲನ್ ಎಡಕ್ಕೆ ಇಳಿದು ಅವರ ಬಲ ಹಿಂಮೂಲೆಗೆ ತಾಗಿಸಿದರು, ಹ್ಯಾಮ್ಲಿನ್ ಗೋಡೆಗೆ ಹೋದರು. ರೇಡಿಯೋದಲ್ಲಿ ಸ್ಪಾಟರ್ ಬೀಳಿಸು ಎಂದು ಕೂಗಿದ್ದೂ ಕೇಳಿಸಿತು. ಮೊದಲ ಏಟು ಕೆಟ್ಟ ಬಂಪ್ ಅಂಡ್ ರನ್ ಅಂತ ಯಾರಾದರೂ ವಾದಿಸಬಹುದು. ಎರಡನೆಯದಕ್ಕೆ ವಾದವೇ ಇಲ್ಲ.

ನಾಸ್ಕಾರ್ ಗೆಲುವನ್ನು ಅವರ ಹೆಸರಿನಲ್ಲೇ ಉಳಿಸಿತು. ಆದರೆ ಆ ಗೆಲುವಿನಿಂದ ಸಿಗಬೇಕಿದ್ದ ಪ್ಲೇಆಫ್ (ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಹಂತ) ಪ್ರವೇಶವನ್ನು ರದ್ದು ಮಾಡಿತು, 25 ಅಂಕ ಕಳೆಯಿತು, ಸ್ಪಾಟರನ್ನು 3 ರೇಸ್‌ಗಳಿಗೆ ಅಮಾನತು ಮಾಡಿತು. ಮೇಲ್ಮನವಿಯಲ್ಲೂ ಪ್ಲೇಆಫ್ ಪ್ರವೇಶ ಮರಳಲಿಲ್ಲ.

ಪಕ್ಕದಲ್ಲಿ ಇನ್ನೊಂದು ತೀರ್ಪು ಇಟ್ಟು ನೋಡಿ. 2022ರ ಜುಲೈನಲ್ಲಿ ಪೊಕೊನೊದಲ್ಲಿ ಮೊದಲ ಸ್ಥಾನ ಬಂದ ಹ್ಯಾಮ್ಲಿನ್, ಎರಡನೇ ಸ್ಥಾನ ಬಂದ ಕೈಲ್ ಬುಷ್ ಇಬ್ಬರನ್ನೂ ಅನರ್ಹಗೊಳಿಸಿ ಗೆಲುವನ್ನು ಚೇಸ್ ಎಲಿಯಟ್ ಅವರಿಗೆ ಕೊಟ್ಟರು. ಕಾರಣ, ಕಾರಿನ ಮೂತಿಯ ಮೇಲೆ ಇರಬಾರದ ಟೇಪ್. ಟೇಪ್ ಅಂಟಿಸಿದ ತಪ್ಪಿಗೆ ಗೆಲುವು ಹೋಗುತ್ತದೆ, ಮನುಷ್ಯನನ್ನು ಗೋಡೆಗೆ ಕಳಿಸಿದ ತಪ್ಪಿಗೆ ಗೆಲುವು ಉಳಿಯುತ್ತದೆ ಅನ್ನುವುದಾದರೆ ತಕ್ಕಡಿ ಸರಿಯಿಲ್ಲ. ಕೊನೆಯ ಲ್ಯಾಪ್‌ನಲ್ಲಿ ಬಲ ಹಿಂಮೂಲೆಗೆ ಏಟು ಕೊಟ್ಟದ್ದು ದತ್ತಾಂಶದಲ್ಲಿ ಸಾಬೀತಾದರೆ ಆ ಚಾಲಕನನ್ನು ಮುಖ್ಯ ಗುಂಪಿನ ಕೊನೆಯ ಸ್ಥಾನಕ್ಕೆ ಇಳಿಸಬೇಕು. 2008ರ ಟ್ಯಾಲಡೇಗಾದಲ್ಲಿ ರೇಗನ್ ಸ್ಮಿತ್ ಟ್ರ್ಯಾಕ್‌ನ ಒಳಅಂಚಿನ ಹಳದಿ ಗೆರೆಯ ಕೆಳಗಿಂದ ನಿಯಮ ಮೀರಿ ದಾಟಿದ್ದಕ್ಕೆ ಮೊದಲ ಸ್ಥಾನದಿಂದ 18ಕ್ಕೆ ಇಳಿಸಿ ಟೋನಿ ಸ್ಟುವರ್ಟ್ ಅವರಿಗೆ ಗೆಲುವು ಕೊಟ್ಟ ಪೂರ್ವನಿದರ್ಶನ ಕಣ್ಣ ಮುಂದೆಯೇ ಇದೆ.

ಒಂದೇ ತಪ್ಪಿಗೆ ಒಂದೊಂದು ಸಲ ಒಂದೊಂದು ಶಿಕ್ಷೆ ಯಾಕೆ?

2010ರ ಮಾರ್ಚ್‌ನಲ್ಲಿ ಅಟ್ಲಾಂಟಾದಲ್ಲಿ ನೂರಕ್ಕೂ ಹೆಚ್ಚು ಲ್ಯಾಪ್ ಹಿಂದಿದ್ದ ಕಾರ್ಲ್ ಎಡ್ವರ್ಡ್ಸ್ ಮುಯ್ಯಿ ತೀರಿಸಲು ಬ್ರಾಡ್ ಕೆಸಲೌಸ್ಕಿ ಅವರನ್ನು ತಿರುಗಿಸಿದರು. ಕಾರು ಗಾಳಿಗೆ ಎದ್ದು ಮಗುಚಿ ಬಿತ್ತು. ಆ ವರ್ಷದ ಆರಂಭದಲ್ಲೇ ನಾಸ್ಕಾರ್ ಚಾಲಕರಿಗೆ ನಿಮ್ಮನಿಮ್ಮಲ್ಲೇ ನೋಡಿಕೊಳ್ಳಿ ಎಂಬ ಸಡಿಲಿಕೆ ಕೊಟ್ಟಿತ್ತು, ಹಾಗಾಗಿ ಶಿಕ್ಷೆ 3 ರೇಸ್‌ಗಳ ನಿಗಾ ಮಾತ್ರ. 2011ರಲ್ಲಿ ಟೆಕ್ಸಸ್‌ನ ಟ್ರಕ್ ರೇಸ್‌ನಲ್ಲಿ ಹಳದಿ ಬಾವುಟದ ಹೊತ್ತಲ್ಲೇ (ಎಲ್ಲರೂ ನಿಧಾನವಾಗಿ ಓಡಬೇಕಾದ ಹೊತ್ತು) ರಾನ್ ಹಾರ್ನಡೇ ಅವರನ್ನು ಗೋಡೆಗೆ ಕಳಿಸಿದ ಕೈಲ್ ಬುಷ್ ಆ ವಾರಾಂತ್ಯದ ಉಳಿದ ರೇಸ್‌ಗಳಿಗೆ ಕೂರಲಾಗಲಿಲ್ಲ. 2012ರ ಫೀನಿಕ್ಸ್‌ನಲ್ಲಿ ಕ್ಲಿಂಟ್ ಬೌಯರ್ ಅವರನ್ನು ಬೀಳಿಸಿದ ಜೆಫ್ ಗಾರ್ಡನ್‌ಗೆ 1 ಲಕ್ಷ ಡಾಲರ್ ದಂಡ, 25 ಅಂಕ ಕಡಿತ. 2022ರಲ್ಲಿ ಲಾಸ್ ವೇಗಸ್‌ನಲ್ಲಿ ಕೈಲ್ ಲಾರ್ಸನ್ ಅವರನ್ನು ಹುಕ್ ಮಾಡಿದ ಬಬ್ಬಾ ವಾಲೆಸ್, 2023ರ ಷಾರ್ಲಟ್‌ನಲ್ಲಿ ಹ್ಯಾಮ್ಲಿನ್ ಅವರನ್ನು ಹುಕ್ ಮಾಡಿದ ಚೇಸ್ ಎಲಿಯಟ್, ಇಬ್ಬರಿಗೂ ಒಂದೊಂದು ರೇಸ್ ಅಮಾನತು. 2025ರಲ್ಲಿ ಆಸ್ಟಿನ್‌ನ ರಸ್ತೆ ಟ್ರ್ಯಾಕ್‌ನಲ್ಲಿ ಟೈ ಡಿಲನ್ ಅವರನ್ನು ಹುಕ್ ಮಾಡಿದ ಆಸ್ಟಿನ್ ಸಿಂಡ್ರಿಕ್‌ಗೆ 50 ಅಂಕ, 50,000 ಡಾಲರ್, ಅಮಾನತಿಲ್ಲ. ವೇಗ ಕಡಿಮೆಯಿತ್ತು, ರಸ್ತೆ ಟ್ರ್ಯಾಕ್ ಅನ್ನುವುದು ಅಧಿಕಾರಿಗಳ ವಿವರಣೆ.

ವೇಗ ನೋಡಿ ಅಳೆಯುವುದರಲ್ಲಿ ಅರ್ಥವಿದೆ. ಆದರೆ ಅಳತೆಗೋಲನ್ನು ಮೊದಲೇ ಬರೆದು ಇಡದಿದ್ದರೆ ಪ್ರತಿ ತೀರ್ಪೂ ಯಾರದೋ ಪಕ್ಷಪಾತದಂತೆ ಕಾಣುತ್ತದೆ.

ಹ್ಯಾಮ್ಲಿನ್‌ಗೆ ಪಾಡ್‌ಕಾಸ್ಟ್‌ನಲ್ಲಿ ಮಾತಾಡಿದ್ದಕ್ಕೆ ದಂಡ ಬಿತ್ತಂತೆ?

2023ರ ಮಾರ್ಚ್, ಫೀನಿಕ್ಸ್. ರಾಸ್ ಚಾಸ್ಟೇನ್ ಅವರನ್ನು ಗೋಡೆಗೆ ಒತ್ತಿದ್ದು ಬೇಕೆಂದೇ ಎಂದು ಹ್ಯಾಮ್ಲಿನ್ ತಮ್ಮ ಪಾಡ್‌ಕಾಸ್ಟ್‌ನಲ್ಲೇ ಒಪ್ಪಿಕೊಂಡರು. 50,000 ಡಾಲರ್, 25 ಅಂಕ ಹೋಯಿತು. ಉದ್ದೇಶ ಸಾಬೀತಾದರೆ ಶಿಕ್ಷೆ. ಅದರಿಂದಲೇ ಸಂದರ್ಶನಗಳಲ್ಲಿ ಎಲ್ಲರೂ "ಕಾರು ಜಾರಿತು" ಅನ್ನುವುದು.

ಮುಯ್ಯಿ ತೀರಿಸುವುದು ನ್ಯಾಯವೇ?

2015ರ ಕಥೆ ಎಲ್ಲರ ಬಾಯಲ್ಲೂ ಇದೆ. ಕನ್ಸಸ್‌ನಲ್ಲಿ ಗೆಲುವು ಅತ್ಯಗತ್ಯವಾಗಿದ್ದ ಮ್ಯಾಟ್ ಕೆನ್ಸೆತ್ ಮುಂದಿದ್ದರು, ಲೊಗಾನೊರನ್ನು ಅಡ್ಡಗಟ್ಟುತ್ತಿದ್ದರು. ಲೊಗಾನೊ ಅವರನ್ನು ತಿರುಗಿಸಿ ಗೆದ್ದರು, ಅದೂ ಮುಂದಿನ ಸುತ್ತಿಗೆ ತಾವು ಆಗಲೇ ಸೇರಿದ ಮೇಲೆ. ಕೆನ್ಸೆತ್ ಪ್ಲೇಆಫ್‌ನಿಂದ ಹೊರಬಿದ್ದರು. ನವೆಂಬರ್ 1ರಂದು ಮಾರ್ಟಿನ್ಸ್‌ವಿಲ್‌ನಲ್ಲಿ 9 ಲ್ಯಾಪ್ ಹಿಂದಿದ್ದ ಕೆನ್ಸೆತ್, ಮುಂದಾಳು ಲೊಗಾನೊರನ್ನು ಮೊದಲ ತಿರುವಿನ ಗೋಡೆಗೆ ನೇರ ಒಯ್ದರು. ಪ್ರೇಕ್ಷಕರು ಎದ್ದು ನಿಂತು ಕೂಗಿದರು. ಶಿಕ್ಷೆ 2 ರೇಸ್ ಅಮಾನತು.

ಸಂಯಮಕ್ಕೆ ಹೆಸರಾದ ಕೆನ್ಸೆತ್ ಹೀಗೆ ಮಾಡಿದ್ದರಿಂದಲೇ ಜನ ಅವರ ಪರ ನಿಂತರು. ಅವರ ನೋವು ಅರ್ಥವಾಗುವಂಥದ್ದು. ಆದರೆ ತಾನು ಗೆಲ್ಲಲಾಗದ ರೇಸ್‌ನಲ್ಲಿ ಗೆಲ್ಲಬಹುದಾದವನನ್ನು ಮುಗಿಸುವುದು ಸ್ಪರ್ಧೆ ಅಲ್ಲ. ಮುಯ್ಯಿಗೆ ಈ ಆಟದಲ್ಲಿ ಒಪ್ಪಿತ ದಾರಿ ಬೇರೆ ಇದೆ: ಮುಂದಿನ ಸಲ ಅವನು ಪಕ್ಕಕ್ಕೆ ಬಂದಾಗ ದಾರಿ ಬಿಡದಿರುವುದು, ಒಂದು ಸ್ಥಾನಕ್ಕಾಗಿ ಇಪ್ಪತ್ತು ಲ್ಯಾಪ್ ಸತಾಯಿಸುವುದು, ಅವನ ಟೈರ್ ಸವೆಸುವುದು.

ನೆಕ್ಸ್ಟ್ ಜೆನ್ ಕಾರು ಬಂದ ಮೇಲೆ ಗುದ್ದಾಟ ಹೆಚ್ಚಾಯಿತೇ?

ಹೆಚ್ಚಾಯಿತು, ಕಾರಣ ಸರಳ. ಹಿಂದಿನ ತಗಡಿನ ಬಾಡಿ ತಾಗಿದರೆ ಒಳಕ್ಕೆ ಮಡಚಿ ಟೈರ್ ಸೀಳುತ್ತಿತ್ತು. ಗುದ್ದಿದವನಿಗೂ ಭಯವಿತ್ತು. ಈಗಿನ ಸಂಯುಕ್ತ ವಸ್ತುವಿನ ಬಾಡಿ ಏಟು ತಿಂದು ಮತ್ತೆ ಆಕಾರಕ್ಕೆ ಬರುತ್ತದೆ. ಎಲ್ಲರ ಕಾರೂ ಬಹುತೇಕ ಒಂದೇ ವೇಗದ್ದಾದ್ದರಿಂದ ಸಣ್ಣ ಟ್ರ್ಯಾಕ್‌ನಲ್ಲಿ ದಾಟುವುದೂ ಕಷ್ಟ. ಬಾಡಿ ಗಟ್ಟಿಯಾಯಿತು ಅಂದರೆ ಚಾಲಕನಿಗೆ ನೋವಿಲ್ಲ ಅಂತಲ್ಲ. 2022ರಲ್ಲಿ ಹಿಂಬದಿ ಗೋಡೆಗೆ ಬಡಿದು ಕರ್ಟ್ ಬುಷ್, ಅಲೆಕ್ಸ್ ಬೌಮನ್ ಇಬ್ಬರಿಗೂ ತಲೆಗೆ ಪೆಟ್ಟಾಯಿತು. ಆಮೇಲೆ ಹಿಂದಿನ ಚೌಕಟ್ಟನ್ನು ಮೆದುಗೊಳಿಸಿದರು. 2014ರಿಂದ 2025ರ ವರೆಗಿದ್ದ, ಒಂದು ಗೆಲುವಿಗೆ ಪ್ಲೇಆಫ್ ಬಾಗಿಲು ತೆರೆಯುವ ಪದ್ಧತಿಯೂ ಬೆಂಕಿಗೆ ತುಪ್ಪ ಸುರಿಯಿತು. 32ನೇ ಸ್ಥಾನದಲ್ಲಿದ್ದವನಿಗೆ ಒಂದೇ ತಿರುವು ಇಡೀ ವರ್ಷವನ್ನು ಬದಲಿಸಬಲ್ಲದಾದರೆ ಅವನು ಏನಕ್ಕೂ ಹೇಸುವುದಿಲ್ಲ.

ಗೋಡೆ ಸವರಿಕೊಂಡು ಐದು ಸ್ಥಾನ ಗೆದ್ದ ಚಾಸ್ಟೇನ್ ಮಾಡಿದ್ದು ಮೋಸವೇ?

2022ರ ಅಕ್ಟೋಬರ್ 30ರಂದು ಮಾರ್ಟಿನ್ಸ್‌ವಿಲ್‌ನ ಕೊನೆಯ ಲ್ಯಾಪ್‌ನಲ್ಲಿ ಅವರು ಹೊರಗೋಡೆಗೆ ಒರಗಿ ಥ್ರಾಟಲ್ ಬಿಡದೆ ತಿರುಗಿ, 10ನೇ ಸ್ಥಾನದಿಂದ 5ಕ್ಕೆ ಬಂದರು. ಲ್ಯಾಪ್ ಸಮಯ 18.845 ಸೆಕೆಂಡ್. ಅಂದು ಅದನ್ನು ತಡೆಯುವ ತೀರ್ಮಾನ ಇರಲಿಲ್ಲ, ಅವರು ಯಾರನ್ನೂ ಬೀಳಿಸಲೂ ಇಲ್ಲ. 2023ರಿಂದ ಸುರಕ್ಷತೆಯ ಹೆಸರಲ್ಲಿ ಅದಕ್ಕೆ ದಂಡ ಇದೆ. ಸರಿಯಾದ ನಿರ್ಧಾರ.

ತಂಡಗಳು ಒಬ್ಬರಿಗೊಬ್ಬರು ಸ್ಥಾನ ಬಿಟ್ಟುಕೊಡುವುದು?

ಗುದ್ದುವುದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ನೋಡುವವನಿಗೆ ಕಾಣುವುದೇ ಇಲ್ಲ. 2013ರ ರಿಚ್ಮಂಡ್‌ನಲ್ಲಿ ಬೌಯರ್ ಅವರ ಅನುಮಾನಾಸ್ಪದ ಗಿರಕಿಯ ನಂತರ ಮೈಕೆಲ್ ವಾಲ್ಟ್ರಿಪ್ ತಂಡಕ್ಕೆ 3 ಲಕ್ಷ ಡಾಲರ್ ದಂಡ ಬಿತ್ತು, ಆ ಗಿರಕಿಯಿಂದ ಲಾಭ ಪಡೆದಿದ್ದ ಅದೇ ತಂಡದ ಟ್ರೂಯೆಕ್ಸ್ ಪ್ಲೇಆಫ್‌ನಿಂದ ಹೊರಬಿದ್ದರು, ಗಾರ್ಡನ್ ಹೆಚ್ಚುವರಿ 13ನೆಯವರಾಗಿ ಸೇರಿದರು. ನೂರಕ್ಕೆ ನೂರು ಪ್ರಯತ್ನ ಕಡ್ಡಾಯ ಅನ್ನುವ ನಿಯಮ ಆಗ ಬಂತು. 2024ರ ನವೆಂಬರ್‌ನಲ್ಲಿ ಮಾರ್ಟಿನ್ಸ್‌ವಿಲ್‌ನಲ್ಲಿ ಮತ್ತೆ ಮೂರು ತಂಡಗಳು ಸಿಕ್ಕಿಬಿದ್ದವು. ಆಸ್ಟಿನ್ ಡಿಲನ್, ಚಾಸ್ಟೇನ್, ವಾಲೆಸ್ ಮೂವರಿಗೂ 50 ಅಂಕ ಕಡಿತ, 1 ಲಕ್ಷ ಡಾಲರ್ ದಂಡ. ಕ್ರ್ಯೂ ಚೀಫ್ (ಕಾರಿನ ಸಿಬ್ಬಂದಿಯ ಮುಖ್ಯಸ್ಥ), ಸ್ಪಾಟರ್‌ಗಳಿಗೂ ಅಮಾನತು.

ಕಾರಿನಿಂದ ಇಳಿದು ಹೊಡೆದಾಡಿದರೆ?

1979ರ ಫೆಬ್ರವರಿ 18ರ ಡೇಟೋನಾ 500ರಲ್ಲಿ ಕೇಲ್ ಯಾರ್ಬರೊ, ಡಾನಿ ಆಲಿಸನ್ ಕೊನೆಯ ಲ್ಯಾಪ್‌ನಲ್ಲಿ ಡಿಕ್ಕಿಯಾದರು. ಡಾನಿಯ ಅಣ್ಣ ಬಾಬಿ ಆಲಿಸನ್ ಕಾರು ನಿಲ್ಲಿಸಿ ಬಂದರು, ಹುಲ್ಲಿನ ಮೇಲೆ ಮಾರಾಮಾರಿ ನಡೆಯಿತು, ರಿಚರ್ಡ್ ಪೆಟಿ ಗೆದ್ದರು. ಮೊದಲಿಂದ ಕೊನೆಯವರೆಗೆ ದೇಶವ್ಯಾಪಿ ನೇರಪ್ರಸಾರವಾದ ಮೊದಲ ಡೇಟೋನಾ 500 ಅದು, ಪೂರ್ವ ಕರಾವಳಿಯ ಜನ ಹಿಮಪಾತದಿಂದ ಮನೆಯಲ್ಲೇ ಇದ್ದರು. ಈಗ ಹಾಗೆ ಬಿಡುವುದಿಲ್ಲ. 2024ರಲ್ಲಿ ನಾರ್ತ್ ವಿಲ್ಕ್ಸ್‌ಬರೊದಲ್ಲಿ ಕೈಲ್ ಬುಷ್ ಅವರಿಗೆ ಮುಷ್ಟಿಯಿಂದ ಗುದ್ದಿದ ರಿಕಿ ಸ್ಟೆನ್‌ಹೌಸ್ ಜೂನಿಯರ್‌ಗೆ 75,000 ಡಾಲರ್ ದಂಡ. ಟ್ರ್ಯಾಕ್ ಮೇಲೆ ನಡೆದು ಹೋಗುವುದಂತೂ 2014ರ ಆಗಸ್ಟ್‌ನಿಂದ ನಿಷಿದ್ಧ. ಬೆಂಕಿ, ಹೊಗೆ ಇಲ್ಲದಿದ್ದರೆ ಸಿಬ್ಬಂದಿ ಬರುವವರೆಗೆ ಚಾಲಕ ಕಾರಿನಲ್ಲೇ ಇರಬೇಕು.

ಯಾರನ್ನೂ ಬೀಳಿಸದೆ ಮೈಗೆ ಮೈ ತಾಗಿಸಿ ಗೆದ್ದ ರೇಸ್ ಒಂದಾದರೂ ತೋರಿಸಿ.

2003ರ ಮಾರ್ಚ್ 16, ಡಾರ್ಲಿಂಗ್ಟನ್. ಕರ್ಟ್ ಬುಷ್ ಅವರ ಪವರ್ ಸ್ಟಿಯರಿಂಗ್ ಕೈಕೊಟ್ಟಿತ್ತು, ಕಾರನ್ನು ತೋಳ ಬಲದಲ್ಲೇ ತಿರುಗಿಸುತ್ತಿದ್ದರು. ರಿಕಿ ಕ್ರೇವನ್ ಒಳಗಿಂದ ನುಗ್ಗಿ ಜಾರಿ ತಾಗಿಸಿದರು, ಬುಷ್ ಗೋಡೆ ಸವರಿದರು. ಬುಷ್ ಕೂಡಲೇ ಹಿಂದಿಂದ ತಳ್ಳಿ ಮುಂದಾಳತ್ವ ಮರಳಿ ಪಡೆದರು. ಕ್ರೇವನ್ ಕಾರು ಅಲ್ಲಾಡಿತು, ಆದರೆ ಬೀಳಲಿಲ್ಲ. ಕೊನೆಯ ತಿರುವಿನಿಂದ ಹೊರಬರುವಾಗ ಕ್ರೇವನ್ ಮತ್ತೆ ಒಳಬದಿ. 32ನೇ ನಂಬರಿನ ಬಲಬಾಗಿಲು, 97ನೇ ನಂಬರಿನ ಎಡಬಾಗಿಲು ಒಂದಕ್ಕೊಂದು ಉಜ್ಜಿಕೊಂಡು ಹೊಗೆ ಎಬ್ಬಿಸುತ್ತ ಗೆರೆಯ ತನಕ ಬಂದವು, ಎರಡರ ಮೂತಿಯೂ ಮುಂದಕ್ಕೇ. ಕ್ರೇವನ್ 0.002 ಸೆಕೆಂಡ್ ಅಂತರದಲ್ಲಿ ಗೆದ್ದರು. ಸೋತ ಬುಷ್ ನಗುತ್ತ ಬಂದು ಅವರನ್ನು ಅಭಿನಂದಿಸಿದರು.